ಕಂಪಾಸ್ ಬಾಕ್ಸಿನ ಚೀಟಿಗಳು

ಶಾಲೆಯ ನೆನಪು ಬರೆದು ಕೊಡಿ ಅಂದಾಗ ನನ್ನ ಕಣ್ಮುಂದೆ ಮೊದಲು ಬಂದಿದ್ದು ನನ್ನ ಕಾಲಿನ ಹೆಬ್ಬೆರಳು. ತಮಾಷೆ ಅಲ್ಲ. ಎಂಟನೇ ಕ್ಲಾಸಿನ ಪಿ.ಟಿ. ಪಿರಿಯಡ್ಡಿನಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ಅದನ್ನೇ. ವಾಲಿಬಾಲ್‌ಗೆ 12 ಜನ ನಿಲ್ಲುತ್ತಿದ್ದೆವು, ಇಬ್ಬರು ಕ್ಯಾಪ್ಟನ್‌ಗಳು ಸರದಿ ಮೇಲೆ ಒಂದೊಂದು ಹೆಸರು ಕೂಗುತ್ತಿದ್ದರು. ಮೊದಲು ಎತ್ತರದವರು, ಆಮೇಲೆ ಕ್ಯಾಪ್ಟನ್‌ನ ಗೆಳೆಯರು, ಆಮೇಲೆ ಕ್ಯಾಪ್ಟನ್‌ಗೆ ಹೋಂವರ್ಕ್ ತೋರಿಸುವವರು. ಕೊನೆಗೆ ಉಳಿಯುತ್ತಿದ್ದವನು ನಾನು. ಕೊನೆಯವನನ್ನು ಯಾರೂ ಆರಿಸುವುದಿಲ್ಲ ನೋಡಿ. "ಇವ್ನು ನಿಮ್ ಕಡೆಗೇ ಇರ್ಲಿ ಬಿಡೋ" ಅಂತ ತಳ್ಳುತ್ತಾರೆ, ಅಷ್ಟೇ.

ಪಿ.ಟಿ. ಮೇಷ್ಟ್ರು ಉದ್ದದ ರಜೆ ಹಾಕಿದಾಗ ಆ ಪಿರಿಯಡ್ಡಿಗೆ ಲೆಕ್ಕದ ಮೇಡಂ ಬರತೊಡಗಿದರು. ವಾಲಿಬಾಲಿನ ಗಂಧಗಾಳಿ ಅವರಿಗೆ ಇರಲಿಲ್ಲ, ಆದರೆ ಈ ಹೆಸರು ಕೂಗುವುದನ್ನು ಒಂದೇ ದಿನ ನೋಡಿ ನಿಲ್ಲಿಸಿಬಿಟ್ಟರು. ಸಾಲಾಗಿ ನಿಂತು ಒಂದು, ಎರಡು, ಒಂದು, ಎರಡು ಅಂತ ಹೇಳಿ ಅಂದರು. ಮೊದಲ ದಿನ ಚೆನ್ನಾಗಿ ನಡೆಯಿತು. ಮಾರನೇ ಸಲಕ್ಕೆ ನಮ್ಮ ಹುಡುಗರು ಚುರುಕಾಗಿದ್ದರು. ಗೆಳೆಯನ ಪಕ್ಕ ನಿಲ್ಲಬಾರದು, ನಡುವೆ ಒಬ್ಬನನ್ನು ಬಿಟ್ಟು ನಿಂತರೆ ಇಬ್ಬರಿಗೂ ಒಂದೇ ನಂಬರು ಬರುತ್ತದೆ! ಹಾಗೆ ನಡುವೆ ನಿಲ್ಲಿಸಲು ನನ್ನ ಕೈ ಹಿಡಿದು ಎಳೆಯುತ್ತಿದ್ದರು. ಅಂತೂ ಒಂದು ಕೆಲಸಕ್ಕಾದರೂ ನಾನು ಎಲ್ಲರಿಗೂ ಬೇಕಾದವನಾದೆ.

ಮೇಡಂಗೆ ಇದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಸರಿ, ಒಬ್ಬೊಬ್ಬರೂ ಒಂದು ಸಲ ನಾಣ್ಯ ಹಾರಿಸಿ ಅಂದರು. ಒಂದು ಕಡೆ 8 ಜನ, ಇನ್ನೊಂದು ಕಡೆ 4. ಮರುದಿನ ಕ್ಲಾಸಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಬರೆದರು. 12 ನಾಣ್ಯ 4096 ರೀತಿಯಲ್ಲಿ ಬೀಳಬಹುದು, ಅದರಲ್ಲಿ ಸರಿಯಾಗಿ 6-6 ಆಗುವುದು 924 ರೀತಿಯಲ್ಲಿ ಮಾತ್ರ. ಅಂದರೆ ಐದು ಸಲ ಹಾರಿಸಿದರೆ ಹೆಚ್ಚುಕಡಿಮೆ ನಾಲ್ಕು ಸಲ ಟೀಮು ಸಮ ಆಗುವುದೇ ಇಲ್ಲ. ಪಿ.ಟಿ. ಪಿರಿಯಡ್ಡನ್ನೂ ಲೆಕ್ಕ ಮಾಡಿಬಿಟ್ಟರಲ್ಲಪ್ಪಾ ಅಂತ ಹಿಂದಿನ ಬೆಂಚಿನಲ್ಲಿ ಗೊಣಗಾಟ ಶುರುವಾಯಿತು.

ಆಮೇಲೆ ಬಂತು ಚೀಟಿ. ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಬರೆದು, ಮಡಚಿ, ಒಂದು ಹಳೇ ಕಂಪಾಸ್ ಬಾಕ್ಸಿಗೆ ಹಾಕಿ, ಮುಚ್ಚಳ ಹಾಕಿ ಎರಡು ಸಲ ಗಲಗಲ ಅನ್ನಿಸಿ ಎತ್ತುವುದು. ಮೊದಲು ಬಂದ ಆರು ಹೆಸರು ಒಂದು ಟೀಮು. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂತ ನಾನು ನಂಬಿಬಿಟ್ಟಿದ್ದೆ. ಆದರೆ ಎರಡು ವಾರ ಕಳೆದ ಮೇಲೆ, ಹಾಜರಿಯಲ್ಲಿ ಕೊನೆಗಿದ್ದ ಇಬ್ಬರು ಯಾವಾಗಲೂ ಮೊದಲ ಟೀಮಿನಲ್ಲೇ ಇರುವುದನ್ನು ಒಬ್ಬಳು ಹುಡುಗಿ ಕಂಡುಹಿಡಿದಳು. ಚೀಟಿ ತುಂಬಿ ಬಾಕ್ಸಿನಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಹಾಕಿದ್ದು ಮೇಲೆಯೇ ಕೂತಿರುತ್ತಿತ್ತು, ಕೈಗೆ ಮೊದಲು ಸಿಗುತ್ತಿದ್ದುದೂ ಅದೇ.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ, ಖುಷಿಪಟ್ಟರು. ಅವತ್ತು ಅಮೆರಿಕದ ಕಥೆ ಹೇಳಿದರು. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕು ಅಂತ ಅಲ್ಲಿ 1969ರ ಡಿಸೆಂಬರ್ 1ರಂದು ಲಾಟರಿ ಎತ್ತಿದರಂತೆ. ವರ್ಷದ 366 ಹುಟ್ಟಿದ ದಿನಗಳನ್ನು ಬರೆದು ಪುಟ್ಟ ಡಬ್ಬಿಗಳಲ್ಲಿಟ್ಟಿದ್ದರು. ಅವನ್ನು ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಗಳೇ ಜಾಸ್ತಿ ಬೇಗ ಬೇಗ ಬಂದವು. ನಾವು ವಾಲಿಬಾಲಿಗೆ ಜಗಳ ಆಡುತ್ತಿದ್ದೆವು. ಅವರದು ಜೀವದ ಪ್ರಶ್ನೆ. ಕ್ಲಾಸು ಒಂದು ನಿಮಿಷ ತಣ್ಣಗಾಗಿತ್ತು. ಅಂದಿನಿಂದ ಚೀಟಿಗಳನ್ನು ಮೇಜಿನ ಮೇಲೆ ಸುರಿದು, ಎರಡೂ ಕೈಯಲ್ಲಿ ಹಿಟ್ಟು ಕಲಸಿದ ಹಾಗೆ ಚೆನ್ನಾಗಿ ಕಲಸಿಯೇ ಎತ್ತುತ್ತಿದ್ದೆವು.

ಅಷ್ಟಾದರೂ ಜಗಳ ನಿಲ್ಲಲಿಲ್ಲ. ಒಂದು ದಿನ ಚೆನ್ನಾಗಿ ಆಡುವ ನಾಲ್ವರೂ ಒಂದೇ ಕಡೆ ಬಿದ್ದರು. "ಮೇಡಂ, ಇನ್ನೊಂದ್ಸಲ ಎತ್ತೋಣ" ಅಂತ ಎಲ್ಲರೂ ಕಿರುಚಿದರು, ನಾನೂ ಸೇರಿ. ಮೇಡಂ ಒಪ್ಪಲಿಲ್ಲ. "ನಿಮಗೆ ಬೇಕಾದ್ದು ಬರೋ ತನಕ ಎತ್ತೋದಾದ್ರೆ ಚೀಟಿ ಯಾಕ್ರೋ? ನೀವೇ ಆರಿಸ್ಕೊಳ್ಳಿ." ಆ ದಿನದ ಆಟ ನೋಡುವ ಹಾಗಿರಲಿಲ್ಲ. ಆದರೆ ಮೇಡಂ ಮುಂದಿನ ವಾರಕ್ಕೆ ಬೇರೆ ದಾರಿ ತಂದಿದ್ದರು. ಸರಿಸಮ ಆಡುವ ಇಬ್ಬಿಬ್ಬರನ್ನು ಜೋಡಿ ಮಾಡಿ, ಜೋಡಿಗೊಂದು ನಾಣ್ಯ ಹಾರಿಸುವುದು. ಒಬ್ಬ ಆ ಕಡೆ, ಒಬ್ಬ ಈ ಕಡೆ. ಹೀಗೆ ಮಾಡಿದರೆ ನಾಲ್ವರೂ ಒಟ್ಟಿಗೆ ಬೀಳುವುದು ಸಾಧ್ಯವೇ ಇಲ್ಲ, ಹಾಗಂತ ಯಾರ ಕೈವಾಡವೂ ಇಲ್ಲ.

ಆದರೆ ಜೋಡಿ ಮಾಡಬೇಕು ಅಂದರೆ ಯಾರು ಎಷ್ಟು ಆಡುತ್ತಾರೆ ಅಂತ ಯಾರಾದರೂ ಅಳೆಯಲೇಬೇಕಲ್ವಾ? ಮತ್ತೆ ನನ್ನ ಹೆಬ್ಬೆರಳು ನೋಡುವ ಕಾಲ ಬಂತು ಅಂದುಕೊಂಡೆ. ಮೇಡಂ ಅದನ್ನು ಮನೆಯಲ್ಲೇ ಕೂತು ಮಾಡಿದ್ದರು. ಹಾಜರಿ ಪುಸ್ತಕದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದು, ಜೋಡಿಗಳನ್ನು ಹಿಂದುಮುಂದು ಮಾಡಿ ಓದಿದರು. ಯಾವ ಜೋಡಿ ಮೊದಲನೆಯದು, ಯಾವುದು ಕೊನೆಯದು ಅಂತ ಹೇಳಲೇ ಇಲ್ಲ. ನಾನು ಮತ್ತು ನನ್ನ ಜೋಡಿಯ ಹುಡುಗ ಮುಖ ಮುಖ ನೋಡಿಕೊಂಡೆವು. ನಮಗಿಬ್ಬರಿಗೂ ಗೊತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳುವುದಕ್ಕೂ ಸುಮ್ನೆ ಗೊತ್ತಿರುವುದಕ್ಕೂ ಎಷ್ಟು ವ್ಯತ್ಯಾಸ!

ಈಗ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುತ್ತೇನೆ. ಒಮ್ಮೆ ಆಫೀಸಿನ ಆಟಕ್ಕೆ 20 ಜನರನ್ನು ಐದೈದು ಜನರ ನಾಲ್ಕು ಟೀಮು ಮಾಡುವ ಪುಟ್ಟ ಪ್ರೋಗ್ರಾಂ ಬರೆದೆ. ಹಾಗೆ ಮಾಡಲು 48,88,64,376 ದಾರಿಗಳಿವೆ, ಎಲ್ಲಕ್ಕೂ ಸಮನಾದ ಅವಕಾಶ ಸಿಗಬೇಕು. ನಾನು ಮಾಡಿದ್ದು ಇಷ್ಟು: ಪಟ್ಟಿಯ ಪ್ರತಿ ಹೆಸರನ್ನೂ ಪೂರ್ತಿ ಪಟ್ಟಿಯ ಯಾವುದಾದರೂ ಒಂದು ಜಾಗದ ಹೆಸರಿನೊಂದಿಗೆ ಅದಲುಬದಲು. ಚೆನ್ನಾಗೇ ಕಲಸಿದ ಹಾಗೆ ಕಾಣುತ್ತಿತ್ತು, ಆದರೆ ತಪ್ಪು! ಮೂರೇ ಹೆಸರಿಟ್ಟು ನೋಡಿ: ಒಂದೊಂದು ಹೆಸರಿಗೂ ಮೂರು ಜಾಗ, ಹಾಗಾಗಿ ಅದಲುಬದಲು 3×3×3 = 27 ರೀತಿ, ಬರಬಹುದಾದ ಸಾಲು 6. 27ನ್ನು 6 ಪಾಲು ಸಮ ಮಾಡಲು ಆಗುವುದಿಲ್ಲ, ಹಾಗಾಗಿ ಮೂರು ಸಾಲುಗಳು ಉಳಿದ ಮೂರಕ್ಕಿಂತ ಜಾಸ್ತಿ ಬರುತ್ತವೆ. ಸರಿಯಾದ ದಾರಿಯನ್ನು ಫಿಶರ್ ಮತ್ತು ಯೇಟ್ಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1938ರಲ್ಲೇ, ಪೇಪರು ಪೆನ್ಸಿಲ್ಲಿನ ಕಾಲಕ್ಕೆ ಬರೆದಿಟ್ಟಿದ್ದರು. ಇನ್ನೂ ಉಳಿದವರಲ್ಲಿ ಮಾತ್ರ ಒಬ್ಬರನ್ನು ಎತ್ತು, ಅವರನ್ನು ಹೊಡೆದುಹಾಕು, ಮತ್ತೆ ಉಳಿದವರಲ್ಲಿ ಎತ್ತು. ಅಯ್ಯೋ, ಮೇಜಿನ ಮೇಲೆ ನಾವು ಎತ್ತುತ್ತಿದ್ದ ಚೀಟಿಯೇ ಅಲ್ವಾ ಇದು!

ಪ್ರೋಗ್ರಾಂ ತಿದ್ದಿದೆ. ತಿದ್ದುವಾಗ ಇನ್ನೊಂದು ಸಾಲನ್ನೂ ಸೇರಿಸಿದೆ. ಟೀಮು ಮಾಡುವ ಬಟನ್ ದಿನಕ್ಕೆ ಒಂದೇ ಸಲ ಕೆಲಸ ಮಾಡುತ್ತದೆ. "ಇನ್ನೊಂದ್ಸಲ ಒತ್ತಿ ಸಾರ್" ಅಂತ ಪ್ರತಿ ವರ್ಷ ಯಾರಾದರೂ ಬಂದು ನನ್ನ ಮೇಜಿನ ಪಕ್ಕ ನಿಲ್ಲುತ್ತಾರೆ, ಒತ್ತಿ ತೋರಿಸುತ್ತೇನೆ, ಏನೂ ಆಗುವುದಿಲ್ಲ, ಬೈದುಕೊಂಡು ಹೋಗುತ್ತಾರೆ.