ಟಾರ್ಚ್ ಕೊಳ್ಳುವಾಗ ನಾನು ಲುಮೆನ್ ಯಾಕೆ ಕೊನೆಗೆ ನೋಡುತ್ತೇನೆ

ಜೇಬಿಗೆ ಹೋಗುವ ಸಣ್ಣ ಟ್ಯಾಕ್ಟಿಕಲ್ ಟಾರ್ಚ್ ಯಾವುದು ತಗೊಳ್ಳಲಿ ಅಂತ ಮಳೆಗಾಲ ಹತ್ತಿರ ಬಂತೆಂದರೆ ಯಾರಾದರೂ ಕೇಳುತ್ತಲೇ ಇರುತ್ತಾರೆ. ನಾನು ತೀರ್ಥಹಳ್ಳಿ ಕಡೆ ಕರೆಂಟ್ ಲೈನ್ ಕೆಲಸ ಮಾಡುವವನು. ರಾತ್ರಿ ಫೀಡರ್ (ಊರಿಗೆ ಕರೆಂಟ್ ತರುವ ಲೈನ್) ಟ್ರಿಪ್ ಆಗಿ ಕರೆಂಟ್ ಹೋದರೆ ಕಂಬದಿಂದ ಕಂಬಕ್ಕೆ ನಡೆದುಕೊಂಡು ಹೋಗಿ ಎಲ್ಲಿ ಕೊಂಬೆ ಬಿದ್ದಿದೆ, ಯಾವ ಇನ್ಸುಲೇಟರ್ (ತಂತಿಯ ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವುದು) ಸೀಳಿದೆ, ಎಲ್ಲಿ ಜಂಪರ್ (ಲೈನ್‌ಗಳನ್ನು ಜೋಡಿಸುವ ತುಂಡು ತಂತಿ) ಕಿತ್ತಿದೆ ಅಂತ ಹುಡುಕಬೇಕು. ಕೆಲಸ ಮುಗಿದ ಮೇಲೆ ಅದೇ ಟಾರ್ಚ್ ಮನೆಯಲ್ಲಿ ತೋಟಕ್ಕೂ ಕೊಟ್ಟಿಗೆಗೂ ಬೇಕು. ಹಾಗಾಗಿ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಟಾರ್ಚಿನ ಯೋಗ್ಯತೆ ಗೊತ್ತಾಗುವುದು ಅದರ ನಡು ಮಟ್ಟದ ಬೆಳಕಿನಲ್ಲಿ, ಟರ್ಬೋದಲ್ಲಿ, ಅಂದರೆ ಅತಿ ಪ್ರಖರ ಮಟ್ಟದಲ್ಲಿ, ಅಲ್ಲ.

ಯಾಕೆ ಹೇಳುತ್ತೇನೆ ಕೇಳಿ. ಒಳ್ಳೆ ಕಂಪನಿಗಳು ಎಫ್‌ಎಲ್1 ಅನ್ನುವ ಮಾನದಂಡದ ಪ್ರಕಾರ ಅಳೆದು ಡಬ್ಬದ ಮೇಲೆ ಅಂಕಿ ಹಾಕುತ್ತವೆ. ಅದರಲ್ಲಿ ಲುಮೆನ್, ಅಂದರೆ ಟಾರ್ಚ್ ಕೊಡುವ ಒಟ್ಟು ಬೆಳಕು, ಅಳೆಯುವುದು ಟಾರ್ಚ್ ಹಾಕಿ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಎಷ್ಟು ಹೊತ್ತು ಉರಿಯುತ್ತದೆ ಅನ್ನುವ ಲೆಕ್ಕ ನಡೆಯುವುದು ಬೆಳಕು ಶುರುವಿನ 10 ಶೇಕಡಕ್ಕೆ ಇಳಿಯುವವರೆಗೆ. ಅಂದರೆ 1000 ಲುಮೆನ್ ಟಾರ್ಚ್ ಸ್ವಲ್ಪ ಹೊತ್ತಿಗೆಲ್ಲ ಬಿಸಿಯಾಗಿ 200ಕ್ಕೆ ಇಳಿದು, ಮುಂದೆ ಎರಡು ಗಂಟೆ ಹಾಗೇ ಉರಿದರೂ ಡಬ್ಬದ ಮೇಲೆ "1000 ಲುಮೆನ್, 2 ಗಂಟೆ" ಅಂತಲೇ ಬರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಅಳತೆಯ ಕ್ರಮವೇ ಹಾಗಿದೆ. ಬೆರಳುದ್ದದ ಅಲ್ಯೂಮಿನಿಯಂ ಕೊಳವೆ ಅಷ್ಟು ಶಾಖ ಎಲ್ಲಿಗೆ ಕಳಿಸಬೇಕು ಹೇಳಿ? ಇಳಿಯಲೇಬೇಕು. ಅದಕ್ಕೇ ನಾನು ಹೊಸ ಟಾರ್ಚ್ ಕೈಗೆ ಬಂದರೆ 200ರಿಂದ 400 ಲುಮೆನ್ ಕೊಡುವ ನಡು ಮಟ್ಟಕ್ಕೆ ಹಾಕಿ ಇಟ್ಟುಬಿಡುತ್ತೇನೆ. ಒಳಗಿನ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟ್ ಹದ ಮಾಡುವ ಸರ್ಕ್ಯೂಟ್) ಚೆನ್ನಾಗಿದ್ದರೆ ಬ್ಯಾಟರಿ ಮುಗಿಯುತ್ತಾ ಬಂದರೂ ಬೆಳಕು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ಮೆಲ್ಲಗೆ ಮಂಕಾಗುತ್ತಾ ಹೋಗುತ್ತದೆ.

ದೂರದ ಮಾತು ಬಂದರೆ ಲುಮೆನ್‌ಗಿಂತ ಕ್ಯಾಂಡೆಲಾ, ಅಂದರೆ ಕಿರಣದ ತೀಕ್ಷ್ಣತೆ, ನೋಡಿ. 10,000 ಕ್ಯಾಂಡೆಲಾ ಇದ್ದರೆ ಡಬ್ಬದ ಮೇಲೆ 200 ಮೀಟರ್ ಅಂತ ಇರುತ್ತದೆ. ಆದರೆ ಆ 200 ಮೀಟರಿನಲ್ಲಿ ಬೀಳುವುದು ಕಾಲು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಷ್ಟೇ. ಅಷ್ಟರಲ್ಲಿ ಇನ್ಸುಲೇಟರಿನ ಬಿರುಕು ಕಾಣುತ್ತದಾ? ಇಲ್ಲ. ಅದೇ ಟಾರ್ಚ್ 50 ಮೀಟರಿನಲ್ಲಿ 4 ಲಕ್ಸ್ ಕೊಡುತ್ತದೆ. ಒಂದು ಕಂಬದ ಬುಡದಲ್ಲಿ ನಿಂತು ಮುಂದಿನ ಕಂಬದ ತಲೆ ನೋಡುವುದಕ್ಕೆ ಅಷ್ಟು ಸಾಕು, ಬಿರುಕು ನೋಡಬೇಕಾದರೆ ಹತ್ತಿರ ಹೋಗಲೇಬೇಕು. ಡಬ್ಬದ ದೂರವನ್ನು ನಾಲ್ಕರಿಂದ ಭಾಗಿಸಿ, ಕೆಲಸಕ್ಕೆ ಸಿಗುವುದು ಅಷ್ಟು.

ನಮ್ಮ ಕಡೆ ಇನ್ನೊಂದು ಸಮಸ್ಯೆ ಮಂಜು. ಆಗುಂಬೆ ಘಾಟಿ ಹತ್ತಿರ ಜುಲೈ ರಾತ್ರಿ ಟರ್ಬೋ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಅಷ್ಟೇ. ತಲೆಗೆ ಕಟ್ಟುವ ಲೈಟ್ ಇದ್ದರೆ ಇನ್ನೂ ಕಷ್ಟ, ಮಂಜಿಗೆ ಬಡಿದ ಬೆಳಕು ಸೀದಾ ಕಣ್ಣಿಗೇ ವಾಪಸ್ ಬರುತ್ತದೆ. ಕೈಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದು, ಬೆಳಕೂ ಕಮ್ಮಿ ಮಾಡಿದರೆ ದಾರಿ ಕಾಣುತ್ತದೆ. ಕೈಟಾರ್ಚ್ ಬೇಕೇ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬೆಳಕಿನ ಬಣ್ಣದ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಬೇಸರ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಾದಷ್ಟೂ ನೀಲಿ. 6500 ಕೆಲ್ವಿನ್ನಿನ ನೀಲಿ ಬಿಳುಪು ನೋಡಲು ಜಾಸ್ತಿ ಪ್ರಖರ ಅನಿಸುತ್ತದೆ, ನಿಜ. ಆದರೆ ಅಂಥ ಅಗ್ಗದ ಎಲ್‌ಇಡಿಗಳಲ್ಲಿ ಕೆಂಪು ಬಣ್ಣ ಸತ್ತೇ ಹೋಗಿರುತ್ತದೆ. ಹಳೇ ವೈರಿಂಗಿನಲ್ಲಿ ಮಾಸಿದ ಕೆಂಪು ವೈರ್ ಯಾವುದು, ಕಂದು ಯಾವುದು ಗೊತ್ತಾಗುವುದಿಲ್ಲ. ಬಿಸಿಗೆ ಬಣ್ಣ ತಿರುಗಿದ ಕನೆಕ್ಷನ್ ಕಣ್ಣು ತಪ್ಪಿಸಿಕೊಳ್ಳುತ್ತದೆ. ತೋಟದಲ್ಲಿ ಒಣಗಿದ ಅಡಿಕೆ ಹಾಳೆ, ತರಗೆಲೆ ನಡುವೆ ಮಲಗಿದ ಕೊಳಕುಮಂಡಲ ಹಾವು ಆ ಬೆಳಕಿನಲ್ಲಿ ಎಲೆಯ ಜೊತೆ ಎಲೆಯಾಗಿಬಿಡುತ್ತದೆ. 4000ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ) 90ರ ಮೇಲೆ ಇರುವ ಎಲ್‌ಇಡಿ ತಗೊಳ್ಳಿ. ಲುಮೆನ್ ಸ್ವಲ್ಪ ಕಮ್ಮಿ ಬರುತ್ತದೆ, ಬರಲಿ ಬಿಡಿ.

ಈಗ ವಿದ್ಯುತ್ ಕೆಲಸದವರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಟ್ಯಾಕ್ಟಿಕಲ್ ಟಾರ್ಚ್ ಅಂದರೆ ಬಹುತೇಕ ಅಲ್ಯೂಮಿನಿಯಂ ಮೈ. ಅದು ಕರೆಂಟ್ ಹರಿಸುವ ಲೋಹ, ಮೇಲಿನ ಕಪ್ಪು ಲೇಪನವನ್ನು ನಂಬಬೇಡಿ. ಕರೆಂಟ್ ಇರುವ ಪ್ಯಾನೆಲ್ ಒಳಗೆ, ಟಿಸಿ (ಟ್ರಾನ್ಸ್‌ಫಾರ್ಮರ್) ಬಾಕ್ಸಿನ ಒಳಗೆ ಇದನ್ನು ತೂರಿಸಬೇಡಿ, ಬಾಯಲ್ಲಿ ಕಚ್ಚಿಕೊಂಡು ಬಗ್ಗಬೇಡಿ. ಜಾರಿ ಎರಡು ಫೇಸ್ ನಡುವೆ ಬಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಅಂಥ ಜಾಗಕ್ಕೆ ಪ್ಲಾಸ್ಟಿಕ್ ಮೈಯ ಟಾರ್ಚ್ ಬೇರೆಯೇ ಇರಲಿ. ಹಿಂದೆ ಮ್ಯಾಗ್ನೆಟ್ ಇರುವುದು ಕಾರಿನ ಬಾನೆಟ್‌ಗೆ, ಕಬ್ಬಿಣದ ಗೇಟಿಗೆ ಅನುಕೂಲ, ಸಿಮೆಂಟ್ ಕಂಬಕ್ಕೆ ಏನೂ ಪ್ರಯೋಜನ ಇಲ್ಲ.

ಸ್ವಿಚ್ ಹಿಂಭಾಗದಲ್ಲಿ ಇರಬೇಕು, ಒದ್ದೆ ಗ್ಲೌಸ್ ಹಾಕಿದ ಹೆಬ್ಬೆರಳಿಗೆ ಸಿಗಬೇಕು, ಅರ್ಧ ಒತ್ತಿದರೆ ಬೆಳಕು ಬಂದು ಬಿಟ್ಟರೆ ಆರಬೇಕು. ಟಕ್ ಅನ್ನುವ ಮೆಕ್ಯಾನಿಕಲ್ ಸ್ವಿಚ್ ಇದ್ದರೆ ಇನ್ನೊಂದು ಲಾಭ ಇದೆ. ಆರಿಸಿದಾಗ ಸರ್ಕ್ಯೂಟೇ ಕಡಿಯುವುದರಿಂದ ಡ್ರಾಯರಿನಲ್ಲಿ ಇಟ್ಟ ಟಾರ್ಚ್ ಸುಮ್ನೆ ಚಾರ್ಜ್ ತಿನ್ನುವುದಿಲ್ಲ. ಪಟಪಟ ಮಿಣುಕುವ ಸ್ಟ್ರೋಬ್, ಸಹಾಯ ಕೋರುವ ಎಸ್‌ಒಎಸ್ ಎಲ್ಲ ಮಾಮೂಲಿ ಮೋಡ್‌ಗಳ ಸಾಲಿನಲ್ಲೇ ಸೇರಿಸಿದ ಟಾರ್ಚ್ ನನಗಂತೂ ಬೇಡ. ಏಣಿ ಮೇಲೆ ನಿಂತವನ ಕಣ್ಣಿಗೆ ಬೆಳಕು ಪಟಪಟ ಮಿಣುಕಿದರೆ ಅಪಾಯ ಅಲ್ವಾ?

ನೀರಿನ ವಿಷಯಕ್ಕೆ ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಮಲೆನಾಡಿನ ಮಳೆಗೆ ಅಷ್ಟಾದರೂ ಇರಲಿ. ದುರ್ಬಲ ಜಾಗ ಅಂದರೆ ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ. ಅದು ಸಡಿಲ ಇದ್ದರೆ ಅಂಗಡಿಯಲ್ಲೇ ವಾಪಸ್ ಕೊಡಿ. ಓ-ರಿಂಗಿಗೆ (ನೀರು ತಡೆಯುವ ರಬ್ಬರ್ ಬಳೆ) ಮಳೆಗಾಲಕ್ಕೆ ಮುಂಚೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ.

ಬ್ಯಾಟರಿಯಲ್ಲಿ ನಾನು 18650 ಅನ್ನುವ ಲಿಥಿಯಂ ಸೆಲ್ ಕಡೆ, ಯಾಕೆಂದರೆ ಬಿಚ್ಚಿ ಬೇರೆ ಹಾಕಬಹುದು. ಮೂರು ದಿನ ಊರಿಗೇ ಕರೆಂಟ್ ಇಲ್ಲದಾಗ ಒಳಗೇ ಸೀಲ್ ಆದ ಬ್ಯಾಟರಿ ಇಟ್ಟುಕೊಂಡು ಏನು ಮಾಡುತ್ತೀರಿ? 18650 ಸೆಲ್ ಮೇಲೆ 9900 ಎಂಎಎಚ್ (ಚಾರ್ಜ್ ಹಿಡಿಯುವ ಸಾಮರ್ಥ್ಯ) ಅಂತ ಬರೆದಿದ್ದರೆ ಅದು ಸುಳ್ಳು, ಮುಟ್ಟಲೇಬೇಡಿ. ಒಳ್ಳೆ ಸೆಲ್ ಸಾಮಾನ್ಯವಾಗಿ 3000-3500 ಆಸುಪಾಸು ಇರುತ್ತದೆ, 45ರಿಂದ 50 ಗ್ರಾಂ ತೂಗುತ್ತದೆ. ಕೈಯಲ್ಲಿ ಹಗುರ ಅನಿಸಿದರೆ ಅನುಮಾನಪಡಿ. ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಜೊತೆ ಜೇಬಿಗೆ ಹಾಕಬೇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ.

ಇಷ್ಟೆಲ್ಲ ಮನೆಗೆ ಬೇಕಾ ಅಂದರೆ, ಎಲ್ಲ ಬೇಡ. ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಒಂದೆರಡು ಲುಮೆನ್‌ನ ಕನಿಷ್ಠ ಬೆಳಕು: ಮಗು ಮಲಗಿದಾಗ, ರಾತ್ರಿ ನೀರು ಕುಡಿಯಲು ಎದ್ದಾಗ. ಅಪ್ಪ ಅಮ್ಮನಿಗೆ ಕೊಡುವುದಾದರೆ ಎಷ್ಟು ಮೋಡ್ ಬೇಕೋ ಅಷ್ಟೇ ಇಟ್ಟುಕೊಳ್ಳಲು ಬರುವ ಟಾರ್ಚಿನಲ್ಲಿ ಎರಡೇ ಮೋಡ್ ಇಟ್ಟುಕೊಡಿ, ಕಮ್ಮಿ ಒಂದು, ನಡು ಒಂದು. ಜೇಬಿನಲ್ಲಿ ಒತ್ತಿಕೊಂಡು ಉರಿಯುತ್ತದೆ ಅನ್ನುವ ಭಯ ಇದ್ದರೆ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಥ್ರೆಡ್‌ಗೆ ಆನೊಡೈಸ್ ಲೇಪನ (ಬ್ಯಾಟರಿಯ ಸಣ್ಣ ಕರೆಂಟ್ ತಡೆಯುವ ಪದರ) ಇರುವ ಟಾರ್ಚುಗಳಲ್ಲಿ ಅಷ್ಟಕ್ಕೇ ಸಂಪರ್ಕ ಕಡಿಯುತ್ತದೆ. ಕೊಳ್ಳುವಾಗಲೇ ಇದನ್ನು ಮಾಡಿ ನೋಡಿ.