ಲಿವರ್‌ಪೂಲ್‌ನಲ್ಲಿ ಪಾಪ್ ಹಾಡಿನ ಮೇಲೆ ಪಿಎಚ್‌ಡಿ: ಯಾವ ಹಾಡು, ಯಾವ ಮುದ್ರಣ?

ಪಾಪ್ ಹಾಡುಗಳ ಮೇಲೂ ಪಿಎಚ್‌ಡಿ ಮಾಡ್ತಾರಾ ಅಂತ ಊರಿನಿಂದ ಕೇಳುವವರಿದ್ದಾರೆ. ಮಾಡುತ್ತಾರೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಜನಪ್ರಿಯ ಸಂಗೀತಕ್ಕೆಂದೇ 1988ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಈ ವಿಷಯದ ಅಂತರರಾಷ್ಟ್ರೀಯ ವಿದ್ವಾಂಸರ ಸಂಘ ಅದಕ್ಕೂ ಹಿಂದೆ, 1981ರಲ್ಲೇ ಹುಟ್ಟಿತ್ತು. ಸಂಗೀತ ಓದಿದವರ ಜೊತೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರ, ಇತಿಹಾಸ ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಾರೆ.

ಅರ್ಜಿ ಹಾಕುವಾಗ ಎಡವುವುದು ವಿಷಯದ ಅಗಲದಲ್ಲಿ. ‘ಬ್ರಿಟಿಷ್ ರಾಕ್‌ನಲ್ಲಿ ಮಹಿಳೆಯರು’ ಅಂದರೆ ಮೂರು ವರ್ಷಕ್ಕೆ ಮುಗಿಯುವ ಕೆಲಸವಲ್ಲ. ‘1978ರಿಂದ 1984ರವರೆಗೆ ಒಂದು ನಗರದಲ್ಲಿ ಮಹಿಳೆಯರ ಬ್ಯಾಂಡ್‌ಗಳಿಗೆ ತಾಲೀಮಿಗೆ ಜಾಗ ಹೇಗೆ ಸಿಗುತ್ತಿತ್ತು’ ಅಂದರೆ ಯಾರನ್ನು ಮಾತಾಡಿಸಬೇಕು, ಯಾವ ಕಡತ ನೋಡಬೇಕು ಅನ್ನುವುದು ಆ ವಾಕ್ಯದಲ್ಲೇ ಗೊತ್ತಾಗುತ್ತದೆ.

ಹಾಡಿನ ವಿಶ್ಲೇಷಣೆಗೆ ಬಂದರೆ, ಪಾಪ್ ಸಂಗೀತದಲ್ಲಿ ಮೂಲಕೃತಿ ಅಂದರೆ ಧ್ವನಿಮುದ್ರಣವೇ. ಅಂಗಡಿಯಲ್ಲಿ ಸಿಗುವ ಸ್ವರಲಿಪಿ ಪುಸ್ತಕವನ್ನು ಸಾಮಾನ್ಯವಾಗಿ ಹಾಡು ಬಂದ ಮೇಲೆ ಬೇರೆ ಯಾರೋ ಕೇಳಿಕೊಂಡು ಬರೆದಿರುತ್ತಾರೆ. ಹಾಗಾಗಿ ಕಿವಿಗೊಡುವ ಮೊದಲು ಯಾವ ಮುದ್ರಣ ಅಂತ ಬರೆದಿಟ್ಟುಕೊಳ್ಳಬೇಕು: ಕಂಪನಿ, ಕ್ಯಾಟಲಾಗ್ ಸಂಖ್ಯೆ, ವರ್ಷ, ಮೋನೋನೋ (ಒಂದೇ ವಾಹಿನಿ) ಸ್ಟೀರಿಯೋನೋ (ಎಡ, ಬಲ ಎರಡು ವಾಹಿನಿ), ಗ್ರಾಮಫೋನ್ ತಟ್ಟೆಯಾದರೆ ಲೇಬಲ್‌ನ ಸುತ್ತಲ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆ. ಇದು ಅತಿ ಅನ್ನಿಸಿದರೆ ಬೀಟಲ್ಸ್‌ನ ‘ಶೀಸ್ ಲೀವಿಂಗ್ ಹೋಮ್’ ಕೇಳಿ. 1967ರ ಮೋನೋ ಮಿಶ್ರಣ ಸ್ಟೀರಿಯೋಗಿಂತ ವೇಗವಾಗಿದೆ, ಶ್ರುತಿಯೂ ಸುಮಾರು ಅರ್ಧ ಸ್ವರ ಮೇಲಿದೆ. ಸ್ಟೀರಿಯೋದ ಶ್ರುತಿ ಇ (E) ಆದರೆ ಮೋನೋದ್ದು ಎಫ್ (F). ಟೇಪಿನ ವೇಗ ಶೇ 3ರಷ್ಟು ಹೆಚ್ಚಿದರೆ ಸಾಕು, ಶ್ರುತಿ ಸುಮಾರು 51 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್), ಅಂದರೆ ಕಾಲು ಸ್ವರ, ಏರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಸಿಕ್ಕ ಹೊಸ ರೀಮಾಸ್ಟರ್ (ಹಳೆಯ ಮುದ್ರಣದ ಧ್ವನಿಯನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿ) ಇಟ್ಟುಕೊಂಡು ಅರವತ್ತರ ದಶಕದ ಹಾಡುಗಳ ಅಬ್ಬರ ಅಳೆದರಂತೂ, ಅಳೆದದ್ದು ರೀಮಾಸ್ಟರ್ ಮಾಡಿದವರ ಕೈಚಳಕವನ್ನೇ.

ಆಮೇಲೆ ಸೋನಿಕ್ ವಿಶುವಲೈಸರ್. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ತಯಾರಾದ, ಧ್ವನಿಯನ್ನು ಚಿತ್ರವಾಗಿ ತೋರಿಸುವ ಉಚಿತ ತಂತ್ರಾಂಶ. ಮೊದಲು ಹಾಡು ಹಾಕಿಕೊಂಡು ಕಂಪ್ಯೂಟರಿನ ಕೀಲಿ ತಟ್ಟಿ ತಾಳ ಗುರುತು ಮಾಡಿ, ತಪ್ಪಿದ್ದನ್ನು ಕೈಯಿಂದ ಸರಿಸಿ. ನಂತರ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣದಲ್ಲಿ ಯಾವ ಆವರ್ತನ ಎಷ್ಟಿದೆ ಎಂಬ ಚಿತ್ರ) ತೆರೆಯಿರಿ. ಹೊಸಬರು ದಾರಿ ತಪ್ಪುವುದು ಇಲ್ಲೇ. 44,100 ಹರ್ಟ್ಸ್‌ನ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಅಷ್ಟು ಸಲ ಅಳೆದ, ಮುದ್ರಣಕ್ಕೆ 4,096 ಮಾದರಿಗಳ (ಅಳತೆಗಳ) ಕಿಟಕಿ, ಅಂದರೆ ಒಮ್ಮೆಗೆ ಲೆಕ್ಕ ಹಾಕುವ ತುಣುಕು, ಇಟ್ಟರೆ ಆವರ್ತನದ ಒಂದೊಂದು ಮನೆ ಸುಮಾರು 10.8 ಹರ್ಟ್ಸ್ ಅಗಲ. ಬೇಸ್ ಗಿಟಾರಿನ ಕೆಳಗಿನ ಇ 41.2 ಹರ್ಟ್ಸ್, ಅದರ ಮೇಲಿನ ಎಫ್ 43.7. ಎರಡೂ ಒಂದೇ ಮಸಿಯಲ್ಲಿ ಮುಳುಗುತ್ತವೆ. ಕಿಟಕಿಯನ್ನು 32,768ಕ್ಕೆ ಹಿಗ್ಗಿಸಿದರೆ ಬೇಸ್ ಬೇರೆ ಬೇರೆಯಾಗಿ ಕಾಣುತ್ತದೆ, ಆದರೆ ಒಂದು ಕಿಟಕಿ ಮುಕ್ಕಾಲು ಸೆಕೆಂಡಿನಷ್ಟು ಉದ್ದವಾಗಿ ಡ್ರಮ್ಮಿನ ಪೆಟ್ಟುಗಳು ಕಲಸಿಹೋಗುತ್ತವೆ. ಬೇಸ್‌ಗೊಂದು, ಡ್ರಮ್ಮಿಗೊಂದು ಪದರ ಇಟ್ಟುಕೊಳ್ಳುವುದೇ ಸರಿ. ಪ್ರತಿ ಚಿತ್ರದ ಕೆಳಗೂ ಕಿಟಕಿಯ ಅಳತೆ ಬರೆಯಬೇಕು, ಇಲ್ಲದಿದ್ದರೆ ಇನ್ನೊಬ್ಬರು ಅದನ್ನು ಪರೀಕ್ಷಿಸಲಾರರು.

ಚಾರ್ಟ್ (ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿ) ಅಂಕಿಗಳನ್ನೂ ಹೀಗೇ ಜರಡಿ ಹಿಡಿಯಬೇಕು. ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿ 1952ರ ನವೆಂಬರ್ 14ರಂದು ಒಂದು ಪತ್ರಿಕೆಯಲ್ಲಿ ಬಂತು, ಅದರಲ್ಲಿ ಇದ್ದದ್ದು 12 ಸ್ಥಾನ. ಐವತ್ತು, ಅರವತ್ತರ ದಶಕದಲ್ಲಿ ಬೇರೆ ಬೇರೆ ಪತ್ರಿಕೆಗಳು ತಂತಮ್ಮ ಪಟ್ಟಿ ಹಾಕುತ್ತಿದ್ದವು. 2014ರ ಜುಲೈನಿಂದ 100 ಸ್ಟ್ರೀಮ್ ಸೇರಿದರೆ ಒಂದು ಮಾರಾಟ. 2017ರಲ್ಲಿ ಅದು 150 ಆಯಿತು. 1963ರ ನಂಬರ್ ಒನ್ ಮತ್ತು 2017ರ ನಂಬರ್ ಒನ್ ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ.

ಸಂದರ್ಶನಕ್ಕೆ ಹೊರಡುವ ಮೊದಲೇ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿರಬೇಕು. ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡೂ ಬೇಕು. ‘ಹೆಸರು ಗುಟ್ಟಾಗಿಡುತ್ತೇವೆ’ ಎಂಬ ಸಿದ್ಧವಾಕ್ಯ ಸಂಗೀತಗಾರರ ವಿಷಯದಲ್ಲಿ ಕೈಕೊಡುತ್ತದೆ: ಬ್ಯಾಂಡಿನ ಹೆಸರು ಬರೆದು ‘ಅದರ ಬೇಸ್ ವಾದಕ’ ಅಂದರೆ ಯಾರೆಂದು ಎಲ್ಲರಿಗೂ ಗೊತ್ತು. ಹೆಸರು ಹಾಕಬಹುದೇ ಎಂದು ಪ್ರತ್ಯೇಕವಾಗಿ ಕೇಳಿ ಸಹಿ ಪಡೆಯುವುದು ಪ್ರಾಮಾಣಿಕ ದಾರಿ. ಒಂದು ಗಂಟೆಯ ಮಾತು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಗದ್ದಲದ ಕೆಫೆಯಲ್ಲಿ ಮುದ್ರಿಸಿದ್ದಾದರೆ ಇನ್ನೂ ಹೆಚ್ಚು.

ಕಡೆಗೆ ಹಾಡಿನ ಸಾಹಿತ್ಯದ ಹಕ್ಕು. ಬ್ರಿಟನ್ನಿನಲ್ಲಿ ರಚನೆಯ ಹಕ್ಕು ರಚನಕಾರ ತೀರಿಕೊಂಡ ಮೇಲೂ 70 ವರ್ಷ, ಪ್ರಕಟವಾದ ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 70 ವರ್ಷ. ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಉಲ್ಲೇಖಿಸಲು ಕಾನೂನು ಬಿಡುತ್ತದೆ. ಆದರೆ ಹಾಡೇ ಹದಿನಾರು ಸಾಲಿನದ್ದಾದರೆ ನಾಲ್ಕು ಸಾಲು ಅದರ ಕಾಲು ಭಾಗ! ಮಹಾಪ್ರಬಂಧ ಆಮೇಲೆ ಅಂತರಜಾಲದಲ್ಲಿ ಎಲ್ಲರಿಗೂ ತೆರೆದುಕೊಳ್ಳುವುದರಿಂದ ಅನುಮತಿಯ ಪತ್ರಗಳನ್ನು ಒಂದು ವರ್ಷ ಮೊದಲೇ ಬರೆಯಿರಿ. ಉತ್ತರ ಬರದಿದ್ದರೆ ಸಾಲನ್ನು ಬಿಟ್ಟು ನಿಮಿಷ, ಸೆಕೆಂಡು ಕೊಟ್ಟು ಓದುಗರನ್ನು ಹಾಡಿನ ಆ ಜಾಗಕ್ಕೆ ಕಳಿಸಬಹುದು. ಆಗಲೂ ಮುದ್ರಣದ ಹೆಸರು ಜೊತೆಗಿರಲಿ: ಸ್ಟೀರಿಯೋದಲ್ಲಿ 1 ನಿಮಿಷ 12 ಸೆಕೆಂಡಿಗೆ ಬರುವ ಪದ, ಅರ್ಧ ಸ್ವರ ಮೇಲೆ ಓಡುವ ಮೋನೋದಲ್ಲಿ ಸುಮಾರು ನಾಲ್ಕು ಸೆಕೆಂಡು ಮೊದಲೇ ಮುಗಿದುಹೋಗಿರುತ್ತದೆ.