ಊರಿಗೆ ಕಳಿಸಿದರೆ ಆಯ್ತಲ್ವಾ ಟೀಚರೇ?

ಕುಂಬಳೆ, ಉಪ್ಪಳ, ಕಾಸರಗೋಡು ಕಡೆಯ ಪರಿಚಯದವರು ಆಗಾಗ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. "ಟೀಚರೇ, ಇಲ್ಲೊಬ್ಬ ಹುಡುಗ ಇದ್ದಾನೆ. 16-17 ಇರಬಹುದು. ಮನೆ ಬಿಟ್ಟು ಬಂದದ್ದಂತೆ. ಊರಿಗೆ ಕಳಿಸಿದರೆ ಆಯ್ತಲ್ವಾ?"

ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಕಾಸರಗೋಡು ರೈಲ್ವೆ ಸ್ಟೇಶನಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ಉತ್ತರ ಕರ್ನಾಟಕದವನು. ಕೈಯಲ್ಲಿ ಜವುಳಿ ಅಂಗಡಿಯ ಚೀಲ, ಅದರೊಳಗೆ ಒಂದು ಪ್ಯಾಂಟು, ಸಿಮ್ ಇಲ್ಲದ ಮೊಬೈಲು. ಹೋಟೆಲಿನಲ್ಲಿ ಗ್ಲಾಸು ತೊಳೆದು ತೊಳೆದು ಬೆರಳ ಸಂದುಗಳೆಲ್ಲ ಬೆಳ್ಳಗಾಗಿ ಬಿರಿದಿದ್ದವು. ವಯಸ್ಸು ಕೇಳಿದರೆ "ಹದಿನೆಂಟ್ರೀ" ಅಂದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಊಟ ಕೊಡಿಸಿದೆ, ಬುದ್ಧಿ ಹೇಳಿದೆ, ಮಂಗಳೂರಿನವರೆಗೆ ಜೊತೆಗೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿಸಿದೆ. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ನಾಲ್ಕು ತಿಂಗಳು ಕಳೆದು ಅವನು ಇದೇ ಪೇಟೆಯಲ್ಲಿ, ಬೇರೊಂದು ಹೋಟೆಲಿನಲ್ಲಿ ಕಂಡ. ಕಿವಿಯ ಹಿಂದೆ ಹೊಲಿಗೆಯ ಗುರುತು ಇತ್ತು. ಮೊದಲ ಸಲ ಇರದ ಗುರುತು ಅದು. ಯಾಕೆ ಮನೆ ಬಿಟ್ಟೆ ಎಂದು ಆವತ್ತು ನಾನು ಕೇಳಿಯೇ ಇರಲಿಲ್ಲ.

ಹಾಗಾಗಿ ಈಗ ನನ್ನ ಉತ್ತರ ಬೇರೆ. ಸುಮ್ನೆ ಬಸ್ಸು ಹತ್ತಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಹೋಗುವುದಿಲ್ಲ. ಇಷ್ಟು ದೊಡ್ಡ ಹುಡುಗನಿಗೆ ಮಕ್ಕಳ ಸಹಾಯವಾಣಿ ಯಾಕೆ ಅನ್ನುವವರಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ 18 ತುಂಬುವವರೆಗೆ ಅವನು ಮಗುವೇ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಬೇಕು. ನಮ್ಮಲ್ಲಿ ಸಿಡಬ್ಲ್ಯುಸಿ ಅಂತಲೇ ರೂಢಿ. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಸಮಿತಿ ಸೇರದ ದಿನವಾದರೆ ಒಬ್ಬ ಸದಸ್ಯರ ಮುಂದೆ ಹೋದರೂ ಸಾಕು. ಪೊಲೀಸರೇ ಬೇಕೆಂದಿಲ್ಲ, ನೀವೂ ಕರೆದೊಯ್ಯಬಹುದು. ಮಗು ತಾನಾಗಿಯೇ ಹೋಗಿ "ನನಗೆ ಇರಲು ಜಾಗ ಇಲ್ಲ" ಅನ್ನಬಹುದು. ಬೀದಿಗೆ ಬಿದ್ದ ಎಷ್ಟೋ ಮಕ್ಕಳಿಗೆ ಇದೇ ಗೊತ್ತಿಲ್ಲ ಅನ್ನುವುದು ನನ್ನ ಸಂಕಟ.

ಹುಡುಗಿಯಾದರೆ ನಾಳೆ ನೋಡೋಣ ಅನ್ನಲೇಬೇಡಿ. ಆ ಹೊತ್ತಿಗೇ ಫೋನ್ ಮಾಡಿ, ಹೆಂಗಸರು ಯಾರಾದರೂ ಜೊತೆಗಿರಿ.

"ಅನಾಥಾಶ್ರಮಕ್ಕೆ ಹಾಕಿಬಿಡ್ತಾರಲ್ವಾ?" ಇದು ಜನರಿಗಿರುವ ದೊಡ್ಡ ಹೆದರಿಕೆ. ಹಾಗೇನಿಲ್ಲ. ಮನೆಯ ಪರಿಸ್ಥಿತಿ ಹೇಗಿದೆ ಎಂದು ಸಮಾಜ ಕಾರ್ಯಕರ್ತರು ವಿಚಾರಿಸಿ 15 ದಿನದೊಳಗೆ ವರದಿ ಕೊಡಬೇಕು. ಮನೆ ಸರಿಯಿದ್ದರೆ ಮನೆಗೇ ಕಳಿಸುತ್ತಾರೆ. ಸ್ವಲ್ಪ ದಿನಕ್ಕೆ ತಂಗಲು ತೆರೆದ ಆಶ್ರಯತಾಣ ಅಂತ ಇದೆ. ಜಾಸ್ತಿ ದಿನಕ್ಕಾದರೆ ಮಕ್ಕಳ ಮನೆ, ಕರ್ನಾಟಕದಲ್ಲಿ ಬಾಲಮಂದಿರ ಅನ್ನುತ್ತಾರಲ್ಲ, ಅದು. ಬೇರೆ ಕುಟುಂಬದಲ್ಲಿಟ್ಟು ಸಾಕುವ ದಾರಿಯೂ ಇದೆ. ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವ ದೊಡ್ಡ ಮನಸ್ಸಿನವರು ಸಮಿತಿಯ ಮೂಲಕವೇ ಅದನ್ನು ಮಾಡಬೇಕು. ಯಾರಿಗೂ ತಿಳಿಸದೆ ಇಟ್ಟುಕೊಳ್ಳುವ ಹಾಗಿಲ್ಲ. ಅಜ್ಜಿಯೋ ಅತ್ತೆಯೋ ನೋಡಿಕೊಳ್ಳಲು ತಯಾರಿದ್ದು ಕೈಯಲ್ಲಿ ಕಾಸಿಲ್ಲದಿದ್ದರೆ, ಮಿಷನ್ ವಾತ್ಸಲ್ಯ ಅನ್ನುವ ಸರಕಾರಿ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಕೇಳಬಹುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಮಕ್ಕಳ ಮನೆಯಲ್ಲಿ ಬೆಳೆದವರನ್ನೂ 18 ತುಂಬಿದ ಕೂಡಲೇ ಹೊರಗೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. 21ರವರೆಗೆ ಓದಿಗೆ, ಕೆಲಸ ಕಲಿಯಲಿಕ್ಕೆ ನೆರವು ಪಡೆಯಲು ದಾರಿಯಿದೆ.

ನಮ್ಮ ಗಡಿ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಇದೆ. ಭಾಷೆ. ಎರಡನೆಯ ಸಲ ಸಿಕ್ಕಾಗ ಆ ಹುಡುಗನ ಜೊತೆ ನಾನೂ ಸಮಿತಿಯ ಮುಂದೆ ಹೋಗಿ ಕೂತಿದ್ದೆ. ಅಲ್ಲಿದ್ದವರೊಬ್ಬರು ಮಲಯಾಳದಲ್ಲಿ ಪ್ರೀತಿಯಿಂದಲೇ ಕೇಳಿದರು, "ವೀಟ್ಟಿಲ್ ಪೋಣೋ?" ಇವನು ತಲೆ ಆಡಿಸಿದ. ಹೂಂ ಅಂದ ಹಾಗೆಯೇ ಕಂಡಿತು. ನಾನು ಕನ್ನಡದಲ್ಲಿ, "ಮನೆಗೆ ಹೋಗ್ತೀಯಾ ಅಂತ ಕೇಳ್ತಿದ್ದಾರೆ ಮಗಾ" ಅಂದೆ. ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ದೊಡ್ಡವ್ವನ ಮನಿಗಾದ್ರ ಹೋಗ್ತೀನ್ರಿ. ಅಪ್ಪನ ಹತ್ರ ಬ್ಯಾಡ್ರಿ" ಅಂದ.

ಮಗು ಹೊರ ಜಿಲ್ಲೆಯದ್ದಾದರೆ ಇಲ್ಲಿನ ಸಮಿತಿ ಅಲ್ಲಿನ ಸಮಿತಿಗೆ ಒಪ್ಪಿಸಬಹುದು. ಇವನ ವಿಷಯದಲ್ಲೂ ಹಾಗೇ ಆಯಿತು. ಅಲ್ಲಿನವರು ದೊಡ್ಡವ್ವನ ಮನೆಗೆ ಹೋಗಿ ನೋಡಿ ಬಂದ ಮೇಲೆಯೇ ಅವನನ್ನು ಅಲ್ಲಿ ಬಿಟ್ಟರು. ಮಗುವಿಗೆ ಮಲಯಾಳ ಬಾರದಿದ್ದರೆ ಕನ್ನಡ ಬಲ್ಲವರು ಬೇಕು ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಇನ್ನು, ಫೋಟೊ ತೆಗೆದು "ಈ ಹುಡುಗನ ಮನೆಯವರಿಗೆ ತಲುಪುವವರೆಗೂ ಶೇರ್ ಮಾಡಿ" ಎಂದು ವಾಟ್ಸಾಪಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಕಾಯ್ದೆ ತಡೆದಿದೆ. ಅವನು ಯಾರಿಗೆ ಹೆದರಿ ಓಡಿ ಬಂದನೋ ಅವರ ಫೋನಿಗೂ ಆ ಫೋಟೊ ಹೋಗುತ್ತದೆ. ಅದರ ಬದಲು ಒಂದು ಚಾ ಕೊಡಿಸಿ, 1098ರವರು ಬರುವವರೆಗೆ ಪಕ್ಕದಲ್ಲಿ ಕೂತಿರಿ.